ದೊಡ್ಡವರು ಒಳಗಿದ್ದಾರೆ

ಬಾಗಿಲು ತೆಗೆಯಬೇಡಿ ಎಂದು ಉಪದೇಶ ಮಾಡುವವರಿಗೆಲ್ಲ ನನ್ನದೊಂದು ಸಣ್ಣ ಪ್ರಶ್ನೆ. ಬಾಗಿಲು ತೆಗೆಯದೆ ಪ್ಯಾಂಟಿನ ಸೊಂಟ ಸಡಿಲ ಮಾಡುವುದು ಹೇಗೆ ಸ್ವಾಮಿ?

ಈ ಪ್ರಶ್ನೆಯನ್ನು ನಾನು ಸಭೆಯಲ್ಲೇ ಕೇಳಬೇಕಿತ್ತು. ನಮ್ಮ ಬೀದಿಯ ಸಭಾಂಗಣದಲ್ಲಿ ಒಂದು ಸಂಜೆ ‘ಮನೆ ಬಾಗಿಲ ಸುರಕ್ಷತೆ’ ಎಂದು ಭಾಷಣ ಇಟ್ಟಿದ್ದರು. ಬಂದಿದ್ದ ಅಧಿಕಾರಿಗಳ ಕಾಲರು ಅವರ ಕತ್ತಿಗಿಂತ ಒಂದು ಬೆರಳು ದೊಡ್ಡದಿತ್ತು (ಯಾವ ಪುಣ್ಯಾತ್ಮ ಹೊಲಿದನೋ). ಮಾತು ಮಾತ್ರ ಅಳತೆ ಹಿಡಿದು ಕತ್ತರಿಸಿದ ಹಾಗಿತ್ತು. ಗುರುತಿಲ್ಲದವರಿಗೆ ಬಾಗಿಲು ತೆಗೆಯಬೇಡಿ. ತೆಗೆಯಲೇಬೇಕಾದರೆ ಸರಪಳಿ ಹಾಕಿಕೊಂಡು ತೆಗೆಯಿರಿ. ಗುರುತಿನ ಚೀಟಿ ಕೇಳಿ. ಸಂದಿಯಿಂದ ಕೈ ಹೊರಗೆ ಚಾಚಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಹೆಂಗಸರು ಒಂಟಿಯಾಗಿದ್ದಾರೆಂದು ತೋರಿಸಿಕೊಳ್ಳಬೇಡಿ; ಮನೆಯೊಳಗೆ ಗಂಡಸೊಬ್ಬ ಇದ್ದಾನೆ ಎನ್ನುವ ಹಾಗೆ ನಡೆದುಕೊಳ್ಳಿ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿದ್ದ ಅಕ್ಕ ಎದ್ದು ನಿಂತು ತಟ್ಟಿದಳು. ಸಮವಸ್ತ್ರ ಹಾಕಿದವರು ಮಳೆ ಕೆಳಗಿಂದ ಮೇಲಕ್ಕೆ ಬೀಳುತ್ತದೆ ಎಂದರೂ ಅವಳು ಕೊಡೆ ತಿರುಗಿಸಿ ಹಿಡಿಯುವವಳು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ಓರಗಿತ್ತಿ. ಅವಳ ಗಂಡ ಅಣ್ಣ, ನನ್ನ ಗಂಡ ತಮ್ಮ. ಬದುಕಿದ್ದಾಗ ಇಬ್ಬರಿಗೂ ಮಾತುಕತೆ ಇರಲಿಲ್ಲ. ಆಮೇಲೆ ಒಬ್ಬರ ಹಿಂದೆ ಒಬ್ಬರು ಹೊರಟುಹೋದರು, ಉಳಿದ ಜಗಳವನ್ನು ಅಲ್ಲಿ ಮುಗಿಸಿಕೊಳ್ಳಲು ಇರಬೇಕು. ನಾವಿಬ್ಬರು ಸೇರಿ ಒಂದು ಬಾಡಿಗೆ ಮನೆ ಹಿಡಿದು, ಬೀದಿ ಕಡೆಯ ಕೋಣೆಯಲ್ಲಿ ಹೊಲಿಗೆ ಮೆಷಿನ್ನು ಇಟ್ಟುಕೊಂಡೆವು. ಹೊಸ ಬಟ್ಟೆ ಹೊಲಿಯುವುದಿಲ್ಲ. ಹರಿದದ್ದು, ಬಿಗಿಯಾದದ್ದು, ಉದ್ದವಾದದ್ದು, ಗುಂಡಿ ಉದುರಿದ್ದು, ಜಿಪ್ಪು ಮುನಿಸಿಕೊಂಡದ್ದು, ಇವೇ ನಮ್ಮ ಅನ್ನದಾತರು. ನಾನು ಮೆಷಿನ್ನಿಗೆ, ಅಕ್ಕ ಗುಂಡಿಗೆ. ಬರುವವರೆಲ್ಲ ಗುರುತಿಲ್ಲದವರೇ. ಬಸ್ಸಿನ ಬಾಗಿಲಿಗೆ ಸಿಕ್ಕಿ ಪ್ಯಾಂಟು ಹರಿದುಕೊಂಡವನು ನಮ್ಮ ಪರಿಚಯ ಮಾಡಿಕೊಂಡು ಆಮೇಲೆ ಹರಿದುಕೊಳ್ಳುತ್ತಾನೆಯೇ?

“ಎಷ್ಟು ಚೆನ್ನಾಗಿ ಹೇಳಿದ್ರು ಅಲ್ವೇನೇ? ಮನೇಲಿ ಗಂಡಸು ಇರೋ ಹಾಗೆ ಕಾಣ್ಬೇಕಂತೆ,” ಎಂದಳು ಅಕ್ಕ, ದಾರಿಯಲ್ಲಿ.

“ಎಲ್ಲಿಂದ ತರ್ತೀಯಕ್ಕ? ಇದ್ದವರನ್ನೇ ಉಳಿಸ್ಕೊಳ್ಳೋಕೆ ಆಗ್ಲಿಲ್ಲ ನಮ್ಮ ಕೈಲಿ.”

“ಏನಾದ್ರೂ ಅಂದ್ರೆ ಸಾಕು, ಸೂಜಿ ಚುಚ್ಚಿದ ಹಾಗೆ ಮಾತಾಡ್ತೀಯ. ಆ ಚಾವಣಿಯವನು ನಮ್ಮನೆಗೂ ಬಂದ್ರೆ ಏನೇ ಗತಿ?”

ಅವಳ ಹೆದರಿಕೆ ಸುಳ್ಳಾಗಿರಲಿಲ್ಲ. ‘ನಿಮ್ಮ ಚಾವಣಿ ಬಿರುಕು ಬಿಟ್ಟಿದೆ ಅಮ್ಮಾ, ಬೀದಿಯಿಂದಲೇ ಕಾಣಿಸ್ತಿದೆ’ ಎಂದು ಒಬ್ಬ ಮನೆಮನೆ ತಿರುಗುತ್ತಿದ್ದ. ಹಿಂದಿನ ಬೀದಿಯ ದಾದಿಯಮ್ಮ ಅವನ ಜೊತೆ ನಿಂತು ಕತ್ತೆತ್ತಿ ಚಾವಣಿ ನೋಡುತ್ತಿದ್ದಾಗ, ಅವನ ಜೊತೆಗಾರ ಕತ್ತು ಬಗ್ಗಿಸಿ ಬೀರು ನೋಡಿದ್ದ. ಬಿರುಕು ಸಿಗಲಿಲ್ಲ. ಬೀರುವಿನಲ್ಲಿದ್ದದ್ದು ಆಮೇಲೆ ಸಿಗಲಿಲ್ಲ.

ಅವನು ನಮ್ಮ ಬಾಗಿಲಿಗೂ ಬಂದ. ಅಕ್ಕ ಹಿತ್ತಲಲ್ಲಿದ್ದಳು. ನಾನೊಬ್ಬಳೇ ಮೆಷಿನ್ನಿನ ಮುಂದೆ ಕೂತು, ತುಟಿಯ ನಡುವೆ ಗುಂಡುಪಿನ್ನುಗಳನ್ನು ಕಚ್ಚಿಕೊಂಡು, ಒಂದು ಪ್ಯಾಂಟಿನ ಅಂಚು ಮಡಿಸುತ್ತಿದ್ದೆ. ಬಾಗಿಲು ಬಡಿದ ಸದ್ದಾಯಿತು. ಪಿನ್ನು ತೆಗೆಯಲು ಕೈ ಬಿಡುವಿರಲಿಲ್ಲ. ತುಟಿ ಬಿಗಿದುಕೊಂಡೇ ಗಂಟಲಿಂದ, “ಯಾರದು?” ಎಂದೆ.

ಹೊರಗಿಂದ ಬಹಳ ನಯವಾದ ದನಿ ಬಂತು. “ಕ್ಷಮಿಸಿ ಸಾರ್. ಮನೇಲಿ ಅಮ್ಮಾವರು ಒಬ್ರೇ ಇರ್ತಾರೆ ಅಂದ್ಕೊಂಡೆ ಸಾರ್.”

ಸಾರ್! ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಸಾರ್ ಎಂದಿರಲಿಲ್ಲ. ಅಮ್ಮಾವರು ಎಂದವರೂ ಕಡಿಮೆಯೇ. “ಏನು ಕೆಲಸ?” ಎಂದೆ, ಅದೇ ಗಂಟಲಿಂದ. “ಏನಿಲ್ಲ ಸಾರ್, ಚಾವಣಿ ಸಾರ್... ಪರವಾಗಿಲ್ಲ ಸಾರ್.” ಚಪ್ಪಲಿಯ ಸದ್ದು ಮೂಲೆ ತಿರುಗುವವರೆಗೂ ಓಡುತ್ತಾ ಹೋಯಿತು.

ಹೀಗೆ ನಮ್ಮ ಮನೆಯಲ್ಲಿ ಒಬ್ಬ ಮಹಾಪುರುಷನ ಜನನವಾಯಿತು.

ಅಕ್ಕನಿಗೆ ಹೇಳಿದಾಗ ನಂಬಲಿಲ್ಲ. ಪಿನ್ನು ಕಚ್ಚಿಕೊಂಡು ಇನ್ನೊಮ್ಮೆ “ಯಾರದು?” ಎಂದೆ. ಅವಳು ತಟ್ಟನೆ ಕೂತಲ್ಲಿಂದ ಎದ್ದು ನಿಂತಳು. ಎದ್ದಮೇಲೆ ನಾಚಿಕೊಂಡು, “ಯಾಕೆ ಎದ್ದೆ ಅಂತ ನಂಗೇ ಗೊತ್ತಾಗ್ಲಿಲ್ಲ ಕಣೇ,” ಎಂದಳು.

ಒಂದೇ ತೊಂದರೆ. ತುಟಿ ಮುಚ್ಚಿ ಬಿಡುವ ಅಕ್ಷರ ಯಾವುದೂ ಆ ಗಂಟಲಿಗೆ ಆಗುತ್ತಿರಲಿಲ್ಲ. ಪ, ಬ, ಮ ಬಂದರೆ ಪಿನ್ನು ಚುಚ್ಚುತ್ತದೆ. ಹಾಗಾಗಿ ನಮ್ಮ ಮಹಾಪುರುಷ ಯಾರಿಗೂ ‘ಬನ್ನಿ’ ಎನ್ನುವಂತಿರಲಿಲ್ಲ. ‘ಹೋಗಿ’ ಎನ್ನಲು ಅಡ್ಡಿಯಿರಲಿಲ್ಲ. (ನಾನು ಕಂಡ ಹಲವು ಗಂಡಸರಿಗೆ ಪಿನ್ನಿಲ್ಲದೆಯೂ ಇದೇ ಸ್ಥಿತಿ.)

ಇನ್ನು ಅವರನ್ನು ಏನೆಂದು ಕರೆಯುವುದು? ‘ಅವರು ಒಳಗಿದ್ದಾರೆ’ ಎಂದು ಹೇಳೋಣವೆಂದೆ. ಅಕ್ಕ ಕಣ್ಣು ಕೆಂಪಗೆ ಮಾಡಿದಳು.

“ಯಾರ ‘ಅವರು’? ನಿನ್ನ ಅವರಾ, ನನ್ನ ಅವರಾ? ಈ ವಯಸ್ಸಲ್ಲಿ ನಂಗೆ ಇನ್ನೊಬ್ರು ಅವರು ಬೇಡಮ್ಮ.”

“ನಂಗೂ ಬೇಡ. ನಿನ್ನ ಅಣ್ಣ ಅಂತೀನಿ ಬಿಡು.”

“ನಮ್ಮಣ್ಣ ಇಷ್ಟು ಒರಟಾಗಿ ಮಾತಾಡ್ತಿರ್ಲಿಲ್ಲ. ನಿಮ್ಮ ಕಡೆಯವರೇ ಇರ್ಬೇಕು, ಆ ಗಂಟಲು ನೋಡಿದ್ರೆ.”

ಕೊನೆಗೆ ಯಾರ ಕಡೆಯೂ ಅಲ್ಲದ ಹಾಗೆ ‘ದೊಡ್ಡವರು’ ಎಂದು ಇಟ್ಟೆವು. ದೊಡ್ಡವರು ಒಳಗಿದ್ದಾರೆ. ದೊಡ್ಡವರು ಸ್ನಾನಕ್ಕೆ ಹೋಗಿದ್ದಾರೆ. ದೊಡ್ಡವರಿಗೆ ಸದ್ದು ಆಗಲ್ಲ. ಅಕ್ಕ ಹಳೆ ಸಾಮಾನಿನ ಅಂಗಡಿಯಿಂದ ಒಂದು ಜೊತೆ ಬೂಟು ತಂದು ಹೊಸ್ತಿಲ ಪಕ್ಕ ಇಟ್ಟಳು. ಎರಡೂ ಎಡಗಾಲಿನವು. “ಯಾರು ಹಾಕ್ಕೊಂಡು ನೋಡ್ತಾರೆ ಬಿಡೇ,” ಎಂದಳು.

ಬೂಟಿದ್ದ ಮೇಲೆ ಬಟ್ಟೆ ಬೇಡವೇ? ಅಲ್ಲಿ ನನ್ನ ತಲೆ ಓಡಿತು. (ಓಡಬಾರದಿತ್ತು.) ಗಂಡಸರ ಪ್ಯಾಂಟಿಗೆ ನಮ್ಮ ಮನೆಯಲ್ಲಿ ಬರವೇ? ರಿಪೇರಿಗೆ ಬಂದದ್ದನ್ನೇ ದಿನಕ್ಕೊಂದು ತೆಗೆದು ಬೀದಿಗೆ ಕಾಣುವ ಹಗ್ಗಕ್ಕೆ ನೇತುಹಾಕಿದೆ. ನೋಡಿದವರಿಗೆ ದೊಡ್ಡವರ ಪ್ಯಾಂಟು ಒಣಗುತ್ತಿದೆ ಎನಿಸಬೇಕು. ಒಂದು ಮಧ್ಯಾಹ್ನ ಅಂಚೆಯವನು ಬಾಗಿಲಲ್ಲಿ ನಿಂತು ಹಗ್ಗವನ್ನೇ ನೋಡಿದ.

“ಅಮ್ಮಾ, ಅದು ನನ್ನ ಪ್ಯಾಂಟಲ್ವಾ?”

“ಅಲ್ಲಪ್ಪ, ದೊಡ್ಡವರದ್ದು.”

“ಮಂಡಿ ಹತ್ರ ಸ್ಕೂಟರ್ ಸುಟ್ಟ ಗುರುತಿದೆ.”

“ದೊಡ್ಡವರಿಗೂ ಸ್ಕೂಟರ್ ಇದೆ.”

ಅವನು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಸ್ಕೂಟರ್ ಹುಡುಕಿ, ನನ್ನ ಮುಖ ನೋಡಿ, ಕಾಗದ ಕೊಟ್ಟು ಹೋದ. ಪ್ಯಾಂಟು ತೆಗೆದುಕೊಳ್ಳಲು ಬಂದಾಗ ಅದು ಅವನು ಕೊಟ್ಟದ್ದಕ್ಕಿಂತ ಶುಭ್ರವಾಗಿತ್ತು. ಅದನ್ನು ಯಾರೂ ಹೊಗಳಲಿಲ್ಲ.

ಎಲ್ಲಾ ಸುಸೂತ್ರವಾಗಿತ್ತು. ಚಾವಣಿಯವನು ನಮ್ಮ ಮನೆಯ ಮುಂದೆ ಬಂದರೆ ಎದುರು ಬದಿಗೆ ದಾಟಿ ನಡೆಯುತ್ತಿದ್ದ. ಅಕ್ಕನಂತೂ ದೊಡ್ಡವರಿಗೆಂದು ಒಳಕೋಣೆಯಲ್ಲಿ ಕೈಗಳಿರುವ ಕುರ್ಚಿಯೊಂದನ್ನು ಬೇರೆ ಇಟ್ಟಳು. ಅದರ ಮೇಲೆ ನಾನು ಮಡಿಸಿದ ಬಟ್ಟೆ ಇಟ್ಟರೆ, “ಅದು ಅವರದ್ದು ಕಣೇ,” ಎನ್ನುತ್ತಿದ್ದಳು. ನಾನು ಅವಳ ಮುಖ ನೋಡಿದರೆ ಗುಂಡಿ ಹುಡುಕುವವಳ ಹಾಗೆ ಬಗ್ಗಿಬಿಡುತ್ತಿದ್ದಳು.

ಈಗ ಮನೆಯ ಒಡತಿಯ ವಿಷಯ ಹೇಳಬೇಕು. ಅವಳಿರುವುದು ನಮ್ಮ ತಲೆಯ ಮೇಲಿನ ಮಹಡಿಯಲ್ಲಿ, ಒಬ್ಬಳೇ. ಬೀಗದ ಕೈಗಳ ಗೊಂಚಲು ಸದಾ ಬೆರಳಲ್ಲಿ ತಿರುಗುತ್ತಿರುತ್ತದೆ, ಅದಕ್ಕೇ ನಮ್ಮ ಬಾಯಲ್ಲಿ ಬೀಗದಮ್ಮ. ಹಿಂದಿನ ಬಾಡಿಗೆದಾರಳ ಗಂಡ ಗೋಡೆಗೆ ಮೊಳೆ ಹೊಡೆದು ಹೊಡೆದು ಗಾರೆಯನ್ನೆಲ್ಲ ಉದುರಿಸಿ, ನೀರಿನ ಪಂಪು ರಿಪೇರಿ ಮಾಡುತ್ತೇನೆಂದು ಸುಟ್ಟುಹಾಕಿ ಹೋಗಿದ್ದನಂತೆ. ಅಂದಿನಿಂದ ಅವಳದ್ದು ಒಂದೇ ಕಾನೂನು: “ಗಿರಾಕಿಗಳು ಮುಂದಿನ ಕೋಣೆ ದಾಟಬಾರದು. ಒಳಗೆ ಗಂಡಸಿನ ನೆರಳು ಬಿದ್ರೂ ಅವತ್ತೇ ಮನೆ ಖಾಲಿ.” ನಮಗೇನು ಭಯ? ನಮ್ಮಲ್ಲಿ ನೆರಳು ಬೀಳುವಂಥ ಗಂಡಸು ಇರಲಿಲ್ಲವಲ್ಲ.

ಒಂದು ಬೆಳಿಗ್ಗೆ ನೀರು ಹಾಕಲು ಹೊರಗೆ ಬಂದರೆ, ಎದುರುಮನೆಯ ಕಿಟಕಿ ಟೀಚರ್ ಕೈ ಮಾಡಿ ಕರೆದಳು. ಅವಳು ಶಾಲೆಯಿಂದ ನಿವೃತ್ತಳಾಗಿದ್ದಾಳೆ, ಹಾಜರಿ ತೆಗೆಯುವುದರಿಂದ ಆಗಿಲ್ಲ. ಕಿಟಕಿಯಲ್ಲಿ ಕೂತು ಬೀದಿಯದ್ದೆಲ್ಲ ತೆಗೆಯುತ್ತಾಳೆ.

“ನಾನೇನೂ ಕೇಳಲ್ಲಪ್ಪ,” ಎಂದು ಶುರು ಮಾಡಿದಳು. (ಎಲ್ಲವನ್ನೂ ಕೇಳುವವರು ಹೀಗೇ ಶುರು ಮಾಡುವುದು.) “ಸೋಮವಾರ ಉದ್ದನೆಯವರು. ಮಂಗಳವಾರ ಹೊಟ್ಟೆ ಇರೋರು. ನೆನ್ನೆ ಹಗ್ಗದ ಮೇಲಿದ್ದದ್ದು ಯಾರೋ ಕುಳ್ಳರದ್ದು. ಒಬ್ರು ಅಂದ್ರೆ ಹೋಗ್ಲಿ ಪಾಪ, ಕೊನೆಗಾಲಕ್ಕೆ ಆಸರೆ ಅನ್ಬೋದು. ದಿನಕ್ಕೊಬ್ರು ಅಂದ್ರೆ?”

“ಎಲ್ಲಾ ಒಬ್ರೇ ಟೀಚರ್. ದೊಡ್ಡವರು. ಅಕ್ಕನ ಅಣ್ಣ.”

“ನಿಮ್ಮಕ್ಕ ನಿಮ್ಮ ಚಿಕ್ಕಪ್ಪ ಅಂದ್ರು.”

“ಅಕ್ಕನ ಅಣ್ಣ, ನನಗೆ ಚಿಕ್ಕಪ್ಪನ ವರಸೆ,” ಎಂದೆ. ಅಂಥ ವರಸೆ ಯಾವ ಮನೆಯಲ್ಲೂ ಆಗಲು ಸಾಧ್ಯವಿಲ್ಲವೆಂದು ಹೇಳಿ ಮುಗಿಸಿದ ಮೇಲೆ ಹೊಳೆಯಿತು. ಟೀಚರ್ ತಲೆಯಲ್ಲಿ ವಂಶವೃಕ್ಷ ಬರೆದು, ಕಾಟು ಹಾಕಿ, ಅಂಕ ಕೊಡದೆ ನಕ್ಕಳು.

“ಏನೋಮ್ಮ. ಮನೆ ಒಡತೀನೇ ಮೊನ್ನೆ ನಿಮ್ಮ ಬಾಗಿಲು ಬಡಿದ್ರಂತೆ. ಒಳಗಿಂದ ಗಂಡಸಿನ ದನೀಲಿ ‘ಈಗ ಆಗಲ್ಲ, ಆಚೆ ಹೋಗಿ’ ಅಂತ ಓಡಿಸಿದ್ರಂತೆ. ಅವರದ್ದೇ ಮನೆ ಬಾಗಿಲಿಂದ! ಗುರುವಾರ ಸಂಜೆ ಒಳಗೆ ಬಂದು ನೋಡ್ತೀನಿ ಅಂದಿದ್ದಾರೆ. ಗಂಡಸು ಕಂಡ್ರೆ ಸಾಮಾನು ಬೀದಿಗಂತೆ.”

ಮೊನ್ನೆ ಬಾಗಿಲು ಬಡಿದಿದ್ದವಳು ಅವಳೇ! ಜಾಕೆಟ್ಟಿನ ತೋಳು ಬಿಚ್ಚುವ ಗಡಿಬಿಡಿಯಲ್ಲಿ ಯಾರೆಂದು ನೋಡದೆ ನಾನೇ ಗದರಿಸಿದ್ದೆ. ಈ ಮನೆ ಹೋದರೆ ಬಸ್ಸು ನಿಲ್ಲುವ ಜಾಗದಲ್ಲಿ, ಬೀದಿಗೆ ಬಾಗಿಲಿರುವ ಇಂಥ ಕೋಣೆ ಇನ್ನೆಲ್ಲಿ? ಕಡಕಡ ಮೆಷಿನ್ನಿನ ಜೊತೆ ಬರುವ ಇಬ್ಬರು ಮುದುಕಿಯರಿಗೆ ಮನೆ ಕೊಡಲು ಯಾರು ಸಾಲು ನಿಂತಿದ್ದಾರೆ? ಕೋಣೆ ಹೋದರೆ ಗಿರಾಕಿ ಹೋದ, ಗಿರಾಕಿ ಹೋದರೆ ಒಲೆ ಆರಿತು.

“ದೊಡ್ಡವರನ್ನ ಕಳಿಸಿಬಿಡೋಣ,” ಎಂದೆ ಅಕ್ಕನಿಗೆ.

“ಎಲ್ಲಿಗೇ?”

“ಎಲ್ಲಿಗಾದ್ರೂ. ಇಲ್ಲದವರಿಗೆ ಎಲ್ಲಿಗೆ ಹೋಗೋಕೂ ತೊಂದ್ರೆ ಇಲ್ಲ.”

“ಹೀಗೆ ಏಕ್‌ದಂ ಹೊರಗೆ ಹಾಕಿದ್ರೆ ಪಾಪ...”

“ಅಕ್ಕ! ಅದು ನಾನು! ಪಿನ್ನು ಕಚ್ಚಿದ ನಾನು!”

“ಗೊತ್ತು ಕಣೇ. ಆದ್ರೂ ಮನೇಲಿ ಒಂದು ಧೈರ್ಯ ಇತ್ತು,” ಎಂದು ಅಕ್ಕ ಬೂಟುಗಳನ್ನು ಒರೆಸಿ, ಕಾಗದದಲ್ಲಿ ಸುತ್ತಿ, ಅಟ್ಟಕ್ಕೆ ಹಾಕಿದಳು. ಮೂಗು ಒರೆಸಿಕೊಂಡದ್ದು ಧೂಳಿಗೆ ಎಂದಳು. ಹಗ್ಗ ಖಾಲಿ ಮಾಡಿದೆವು. ಕುರ್ಚಿಯನ್ನು ಮಾತ್ರ ಅವಳು ತೆಗೆಯಗೊಡಲಿಲ್ಲ.

ಗುರುವಾರ ಬೆಳಿಗ್ಗೆಯಿಂದಲೇ ಮನೆ ಕನ್ನಡಿಯಂತಿತ್ತು. ಗಂಡಸು ಹೋಗಲಿ, ಗಂಡು ನೊಣ ಕೂಡ ಇರಲಿಲ್ಲ. ಸಂಜೆಯವರೆಗೆ ಯಾರಿಗೂ ಬಾಗಿಲು ತೆಗೆಯುವುದಿಲ್ಲವೆಂದು ಮಾತಾಡಿಕೊಂಡು, ಸರಪಳಿ ಹಾಕಿ ಕೂತೆವು. ಮಧ್ಯಾಹ್ನದ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು.

“ಕರೆಂಟ್ ಮೀಟರ್ ನೋಡ್ಬೇಕಮ್ಮ.”

ಮೀಟರ್ ನಮ್ಮ ಒಳಕೋಣೆಯ ಬಾಗಿಲ ಮೇಲಿದೆ. ಯಾವಾಗಲೂ ಬರುವವನು ಬೇರೆ, ಈ ದನಿ ಬೇರೆ. ನಾನು ಸರಪಳಿಯ ಸಂದಿಯಷ್ಟೇ ತೆರೆದೆ. ಭಾಷಣ ಕೇಳಿದ್ದು ವ್ಯರ್ಥವಾಗಬಾರದಲ್ಲ.

“ಗುರುತಿನ ಚೀಟಿ?”

ತೋರಿಸಿದ.

“ಫೋಟೋದಲ್ಲಿ ಮೀಸೆ ಇದೆ. ನಿಮಗಿಲ್ಲ.”

“ತೆಗ್ಸಿದ್ದೀನಮ್ಮ.”

“ಯಾಕೆ?”

“ಹೆಂಡತಿಗೆ ಇಷ್ಟ ಇಲ್ಲ.”

“ಪಾಪ,” ಎಂದಳು ಅಕ್ಕ ನನ್ನ ಭುಜದ ಹಿಂದಿನಿಂದ. ಅದು ಅವನಿಗೋ, ಹೆಂಡತಿಗೋ, ಮೀಸೆಗೋ ತಿಳಿಯಲಿಲ್ಲ.

“ಸರಿಯಾಗಿ ಕಾಣ್ತಿಲ್ಲ. ಬಾಗಿಲ ಕೆಳಗಿಂದ ಒಳಗೆ ತಳ್ಳಿ, ಕನ್ನಡಕ ಹಾಕ್ಕೊಂಡು ನೋಡ್ತೀನಿ,” ಎಂದು ಬಾಗಿಲು ಮುಚ್ಚಿದೆ.

“ಈ ಸಂದೀಲೇ ಕೊಡ್ತೀನಲ್ಲಮ್ಮ!”

“ಸಂದೀಲಿ ಕೈ ಹಾಕ್ಬಾರ್ದು ಅಂತ ದೊಡ್ಡ ಅಧಿಕಾರಿಗಳೇ ಹೇಳಿದ್ದಾರೆ.”

ಅವನು ನಿಟ್ಟುಸಿರು ಬಿಟ್ಟು ಬಗ್ಗಿದ. ಪರ್‌ರ್‌ರ್ ಎಂದು ಸದ್ದಾಯಿತು. ಬೇರೆಯವರಿಗೆ ಅದು ಬಟ್ಟೆ ಹರಿದ ಸದ್ದು. ಈ ಕೆಲಸದಲ್ಲಿ ಮುದುಕಿಯಾದ ನನಗೆ ಬಾಗಿಲ ಈಚೆಯಿಂದಲೇ ಗೊತ್ತಾಯಿತು.

“ಹಿಂದಿನ ನಡು ಹೊಲಿಗೆ,” ಎಂದೆ.

“ಪೂರ್ತಿನಾ?” ಎಂದಳು ಅಕ್ಕ.

“ಪೂರ್ತಿ.”

ಚೀಟಿ ಒಳಗೆ ಬಂತು. ಕನ್ನಡಕ ಹಾಕಿ ನೋಡಿದೆ, ಅವನದೇ. ಬಾಗಿಲು ತೆಗೆದರೆ ಗೋಡೆಗೆ ಬೆನ್ನು ಆನಿಸಿಕೊಂಡು, ಚೀಲವನ್ನು ಹಿಂದೆ ಹಿಡಿದು ನಿಂತಿದ್ದ. ಕಣ್ಣಲ್ಲಿ ನೀರಿಲ್ಲ ಅಷ್ಟೇ. “ಇನ್ನೂ ಅರ್ಧ ಬೀದಿ ಬಾಕಿ ಇದೆಯಮ್ಮ, ಎಲ್ಲಾ ಮನೇಲೂ ಏಣಿ ಹತ್ಬೇಕು,” ಎಂದ.

ನಮ್ಮ ಸುರಕ್ಷತೆಗಾಗಿ ಹರಿದ ಪ್ಯಾಂಟು. ಹಾಗೇ ಕಳಿಸಲು ನಾವೇನು ಕಟುಕರೇ? ಬಿಚ್ಚಿ ಕೊಡದೆ ಹೊಲಿಯುವುದೂ ಆಗುವಂತಿರಲಿಲ್ಲ. ಮುಂದಿನ ಕೋಣೆಯ ಕಿಟಕಿಗೆ ಎದುರುಮನೆಯ ಟೀಚರಿನ ಕಣ್ಣಿದೆ. ಬೇರೆ ದಾರಿ ಕಾಣದೆ ಅಕ್ಕ ಅವನನ್ನು ಒಳಗೆ ಕಳಿಸಿ, ದೊಡ್ಡ ದೊಡ್ಡ ಗುಲಾಬಿ ಹೂವಿನ ಹಾಸಿಗೆ ಹೊದಿಕೆಯೊಂದನ್ನು ಕೊಟ್ಟಳು. ಸುತ್ತಿಕೊಂಡು ಬಂದವನನ್ನು ಆ ಕೈ ಕುರ್ಚಿಯಲ್ಲಿ ಕೂರಿಸಿ ಟೀ ಕೊಟ್ಟಳು. ಕುರ್ಚಿಗೆ ಕಡೆಗೂ ಒಬ್ಬರು ಬಂದರೆಂದು ಅವಳ ಮುಖ ಅರಳಿತ್ತು. ನಾನು ಬಾಗಿಲಿಗೆ ಸರಪಳಿ ಹಾಕಿ, ಪಿನ್ನು ಬಾಯಿಗಿಟ್ಟು, ಹೊಲಿಗೆ ಜೋಡಿಸತೊಡಗಿದೆ.

ಯಾರೋ ಬಾಗಿಲು ಬಡಿದರು. ಕೈ ಕೆಲಸದಲ್ಲಿತ್ತು, ತಲೆ ಹೊಲಿಗೆಯಲ್ಲಿತ್ತು. ಗಂಟಲು ತಾನಾಗಿಯೇ ಹೇಳಿತು: “ಯಾರದು?”

ಹೊರಗೆ ತಿರುಗುತ್ತಿದ್ದ ಬೀಗದ ಗೊಂಚಲು ನಿಂತಿತು.

“ನಾನು ಕಣ್ರೀ. ಈ ಮನೆ ಒಡತಿ. ತಾವು ಯಾರು ಅಂತ ಕೇಳ್ಬೋದಾ?”

ಸಂಜೆ ಬರುತ್ತೇನೆಂದವರು ಮಧ್ಯಾಹ್ನವೇ ಬಂದು ಹಿಡಿಯುವುದು ಯಾವ ಊರಿನ ನ್ಯಾಯ! “ಪಿನ್ನು ತೆಗಿಯೇ!” ಎಂದು ಅಕ್ಕ ಪಿಸುಗುಟ್ಟಿದಳು. ಅಷ್ಟರಲ್ಲಿ ಬೀಗದಲ್ಲಿ ಅವಳ ಕೀಲಿ ತಿರುಗಿ ಬಾಗಿಲು ಸರಪಳಿಯವರೆಗೆ ತೆರೆದುಕೊಂಡಿತು. ಸದ್ದು ಕೇಳಿ ಎದ್ದ ಮೀಟರಿನವನು ಬಚ್ಚಲಿನ ಕಡೆ ಓಡಲು ಹೋಗಿ, ಹೊದಿಕೆ ಕುರ್ಚಿಗೆ ಸಿಕ್ಕಿ, ಮತ್ತೆ ಅದರಲ್ಲೇ ಬಿದ್ದ. ಅಂಗೈಯಗಲದ ಸಂದಿಯಲ್ಲಿ ಬೀಗದಮ್ಮನಿಗೆ ಕಂಡದ್ದು ಇಷ್ಟು: ಗುಲಾಬಿ ಹೂಗಳು, ಅವುಗಳ ಕೆಳಗೆ ಕೂದಲು ತುಂಬಿದ ಎರಡು ಕಾಲುಗಳು.

“ಸರಪಳಿ ತೆಗೀರಿ,” ಎಂದಳು. ತೆಗೆದೆ.

ಅವಳು ನೇರವಾಗಿ ಒಳಕೋಣೆಗೆ ನಡೆದು ಕಾಲಿನಿಂದ ತಲೆಯವರೆಗೆ ಅವನನ್ನು ನೋಡಿದಳು. “ಇವರೇನಾ ದೊಡ್ಡವರು? ನಾನಿನ್ನೂ ದೊಡ್ಡದಾಗಿ ಇರ್ತಾರೆ ಅಂದ್ಕೊಂಡಿದ್ದೆ. ಯಾರ ಕಡೆಯವರು?”

“ಅವಳ ಕಡೆ,” ಎಂದೆವು ಇಬ್ಬರೂ ಒಟ್ಟಿಗೆ, ಒಬ್ಬರನ್ನೊಬ್ಬರು ತೋರಿಸಿ.

“ನಾನು ಕರೆಂಟಿನ ಕಡೆ ಅಮ್ಮಾ,” ಎಂದ ಅವನು. “ಮೀಟರ್ ನೋಡೋಕೆ ಬಂದೆ.”

“ಹೂವಿನ ಹೊದಿಕೆ ಸುತ್ಕೊಂಡಾ?”

ನಾನು ಹರಿದ ಪ್ಯಾಂಟನ್ನು ಎತ್ತಿ ಹಿಡಿದೆ. ಗುರುತಿನ ಚೀಟಿ ಕೊಟ್ಟೆ. ಬಾಗಿಲ ಕೆಳಗಿನ ಕಥೆಯನ್ನೆಲ್ಲ ಹೇಳಿದೆ. ಬೀಗದಮ್ಮ ಚೀಟಿ ನೋಡಿ, ಹೊಲಿಗೆ ನೋಡಿ, ತಲೆ ಆಡಿಸಿದಳು. ಬದುಕಿದೆವು ಎಂದುಕೊಂಡೆ. ಅಕ್ಕ ಮಂಚದ ತುದಿಗೆ ಕೂತಳು.

“ಸರಿ. ಇವರು ಮೀಟರ್. ದೊಡ್ಡವರೆಲ್ಲಿ?”

“ಅವರು ಇಲ್ಲಮ್ಮ.”

“ಎಲ್ಲಿ ಹೋದ್ರು? ಈಗ ತಾನೇ ‘ಯಾರದು’ ಅಂದ್ರಲ್ಲ!”

“ಹೋಗಿಲ್ಲ. ಇರಲೇ ಇಲ್ಲ. ನಾನೇ ಅವರು.”

“ನನ್ನ ಕಿವಿಗೆ ಹೂವು ಇಡ್ಬೇಡಿ. ಸಾಮಾನು ಕಟ್ಟಿ, ಈಗಲೇ,” ಎಂದು ಅವಳು ಬಚ್ಚಲು ನೋಡಿದಳು, ಮಂಚದ ಕೆಳಗೆ ನೋಡಿದಳು, ಮನುಷ್ಯ ಹಿಡಿಸದ ಗುಂಡಿ ಡಬ್ಬಿಯ ಮುಚ್ಚಳವನ್ನೂ ತೆಗೆದು ನೋಡಿದಳು. ಇದ್ದವನನ್ನು ಇದ್ದಾನೆಂದು ತೋರಿಸಬಹುದು. ಇಲ್ಲದವನನ್ನು ಇಲ್ಲವೆಂದು ತೋರಿಸುವುದು ಹೇಗೆ? ಮೆಷಿನ್ನು ಬೀದಿಯಲ್ಲಿ ನಿಂತಿರುವುದು, ಅಕ್ಕ ಅದರ ಮೇಲೆ ಕೂತಿರುವುದು ನನ್ನ ಕಣ್ಣಿಗೆ ಕಟ್ಟಿತು. ನಾನು ಪಿನ್ನುಗಳನ್ನು ಕಚ್ಚಿಕೊಂಡು, ಅವಳ ಬೆನ್ನ ಹಿಂದೆ ನಿಂತು, ಉಸಿರೆಳೆದು ಹೇಳಿದೆ: “ಯಾರದು? ಏನು ಕೆಲಸ? ಆಚೆ ಹೋಗಿ!”

ಬೀಗದಮ್ಮನ ಕೈಯಿಂದ ಗೊಂಚಲು ಜಾರಿತು. ಕೂದಲು ಸರಿಮಾಡಿಕೊಂಡು, “ಇಲ್ಲ, ಸುಮ್ನೆ ನೋಡೋಕೆ...” ಎಂದು ತಿರುಗಿದಳು. ತಿರುಗಿ ನನ್ನನ್ನು ಕಂಡಳು. ಮೀಟರಿನವನು ಎದ್ದು ನಿಂತುಬಿಟ್ಟಿದ್ದ. ಅಕ್ಕನೂ.

“ನನ್ನ ಪ್ಯಾಂಟು...” ಎಂದ ಮೀಟರಿನವನು ಮೆಲ್ಲಗೆ.

ಬೀಗದಮ್ಮ ಕೈ ಕುರ್ಚಿಯಲ್ಲಿ ಕುಸಿದು ಕೂತಳು. ಬೈಗುಳಕ್ಕೆ ನಾನು ತಲೆ ತಗ್ಗಿಸಿ ಸಿದ್ಧಳಾದೆ. ಬಂದದ್ದು ಬೇರೆ. “ಆ ಚಾವಣಿಯವನು ನಿಮ್ಮ ಬಾಗಿಲು ತಪ್ಪಿಸಿ, ಪಕ್ಕದ ಮೆಟ್ಟಿಲಿಂದ ದಿನಾ ನನ್ನ ಬಾಗಿಲಿಗೆ ಬರ್ತಾನೆ ಕಣೇ. ಮೇಲಿನ ಮನೆ, ಚಾವಣಿ ನಿಮ್ಮದೇ ಅಂತಾನೆ. ಹೋಗು ಅಂದ್ರೆ ನಗ್ತಾನೆ. ಬಾಗಿಲ ಹಿಂದೆ ಪೊರಕೆ ಹಿಡ್ಕೊಂಡು ನಿಂತಿರ್ತೀನಿ. ಅವತ್ತು ನಿಮ್ಮ ದೊಡ್ಡವರು ನನ್ನನ್ನೇ ಓಡಿಸಿದ್ರಲ್ಲ, ಸಿಟ್ಟು ಬಂತು ನಿಜ. ಮೆಟ್ಟಿಲು ಹತ್ತುವಾಗ ಮಾತ್ರ ಅನ್ನಿಸ್ತು, ಇಂಥವರೊಬ್ರು ಮೇಲೂ ಇದ್ದಿದ್ರೆ ಅಂತ.”

“ಹಾಗಾದ್ರೆ ಖಾಲಿ ಮಾಡೋದು ಬೇಡ್ವಾ?” ಎಂದಳು ಅಕ್ಕ.

“ನೀವು ಇರ್ಬೋದು,” ಎಂದಳು ಬೀಗದಮ್ಮ ಗೊಂಚಲು ಎತ್ತಿಕೊಳ್ಳುತ್ತಾ. “ಆದ್ರೆ ಅವರೂ ಇರ್ಬೇಕು.”

ಅಂದಿನಿಂದ ನನ್ನ ಕಷ್ಟ ಆರಂಭ. ಮೇಲಿನಿಂದ ಪೊರಕೆಯ ಹಿಡಿಯಲ್ಲಿ ನೆಲ ಕುಟ್ಟಿದ ಸದ್ದು ಬಂದರೆ, ಮಾಡುತ್ತಿದ್ದ ಕೆಲಸ ಬಿಟ್ಟು, ಪಿನ್ನು ಕಚ್ಚಿ, ಮೆಟ್ಟಿಲ ಬುಡದಲ್ಲಿ ನಿಂತು “ಯಾರದು?” ಎನ್ನಬೇಕು. ಚಾವಣಿಯವನು ಒಮ್ಮೆ ಕೇಳಿದವನು ಮತ್ತೆ ಬೀದಿಗೇ ಬಂದಿಲ್ಲ. ವಿಷಯ ತಿಳಿದ ಕಿಟಕಿ ಟೀಚರ್ ತನಗೂ ವಾರದಲ್ಲಿ ಕೆಲವು ದಿನ ದೊಡ್ಡವರು ಬೇಕೆಂದಳು. ಹಿಂದಿನ ಬೀದಿಯ ದಾದಿಯಮ್ಮನೂ ಕೇಳಿಕೊಂಡಿದ್ದಾಳೆ. ಬೀದಿಯ ಹೆಂಗಸರೆಲ್ಲ ಈಗ ಕ್ಷೇಮ. ನನ್ನ ಗಂಟಲಿಗೆ ಮಾತ್ರ ಕ್ಷೇಮವಿಲ್ಲ.

ಅದನ್ನೂ ಸಹಿಸಬಹುದು. ಸಹಿಸಲಾಗದ್ದು ಬೇರೆಯೇ ಇದೆ. ನಮ್ಮ ಬಚ್ಚಲ ನಲ್ಲಿ ಸೋರುತ್ತಿದೆಯೆಂದು ನಾನು ಬೀಗದಮ್ಮನಿಗೆ ಎಷ್ಟು ಕಾಲದಿಂದ ಹೇಳುತ್ತಿದ್ದೆನೋ ಲೆಕ್ಕವಿಲ್ಲ. “ನೋಡೋಣ ಬಿಡೇ,” ಎನ್ನುತ್ತಿದ್ದಳು. ಒಂದು ದಿನ ಸಿಟ್ಟಿಗೆ ಪಿನ್ನು ಕಚ್ಚಿಕೊಂಡು ಮೆಟ್ಟಿಲ ಕೆಳಗಿನಿಂದ, “ನಲ್ಲಿ ಸೋರ್ತಿದೆ. ಇನ್ನೂ ಯಾಕೆ ಸರಿ ಆಗಿಲ್ಲ?” ಎಂದೆ. ಮಾರನೆಯ ಬೆಳಿಗ್ಗೆ ನಲ್ಲಿ ರಿಪೇರಿಯವನು ಬಾಗಿಲಲ್ಲಿದ್ದ. ಅವಳಿಗೆ ಅದು ನಾನೆಂದು ಗೊತ್ತು. ಕಣ್ಣಾರೆ ನೋಡಿದ್ದಾಳೆ. ಆದರೂ ಬೀದಿಯ ಕಸದ ಡಬ್ಬಿ ಎಲ್ಲಿಡಬೇಕೆಂಬ ಚರ್ಚೆಯಲ್ಲಿ ನಾನು ಬಾಯಿ ಬಿಟ್ಟರೆ, “ನಿನಗೆ ಗೊತ್ತಾಗಲ್ಲ ಸುಮ್ನಿರು. ದೊಡ್ಡವರನ್ನ ಒಂದು ಮಾತು ಕೇಳ್ಕೊಂಡು ಬಾ,” ಎಂದಳು. ಉಳಿದವರೂ ಹೌದೆಂದು ತಲೆಯಾಡಿಸಿದರು.

ಗಂಡ ಹೋದಮೇಲೆ ಇಷ್ಟು ವರ್ಷ ನನ್ನ ಮನೆಯಲ್ಲಿ ನನ್ನದೇ ಮಾತು ನಡೆಯುತ್ತಿತ್ತು. ಈಗ ಈ ಇಳಿವಯಸ್ಸಿನಲ್ಲಿ ಮತ್ತೆ ಒಬ್ಬರನ್ನು ತಂದು ತಲೆಯ ಮೇಲೆ ಕೂರಿಸಿಕೊಂಡೆ. ಅವರ ಎದುರು ನನ್ನ ಮಾತಿಗೆ ಕಿಮ್ಮತ್ತಿಲ್ಲ. ಜಗಳ ಆಡೋಣವೆಂದರೆ ಅವರೂ ನಾನೇ.

ನೆನ್ನೆ ಸಂಜೆ ಅಕ್ಕ ರೇಡಿಯೋವನ್ನು ಕಿವಿ ಕಿತ್ತುಹೋಗುವಷ್ಟು ಜೋರಾಗಿ ಹಾಕಿಕೊಂಡು ಗುಂಡಿ ಹೊಲಿಯುತ್ತಿದ್ದಳು. ನನಗೆ ತಲೆ ಸಿಡಿಯುತ್ತಿತ್ತು.

“ಅಕ್ಕ, ಸಾಕು ಆರಿಸು.”

ಅವಳು ತಲೆ ಎತ್ತಲಿಲ್ಲ. “ನಿಂದೇನೇ ಯಾವಾಗ್ಲೂ ಗೊಣಗಾಟ. ದೊಡ್ಡವರೇನೂ ಅಂದಿಲ್ವಲ್ಲ.”

ನಾನು ಅವಳನ್ನು ನೋಡಿದೆ. ಅವಳು ದಾರ ಕಚ್ಚಿ ತುಂಡು ಮಾಡಿ ಇನ್ನೊಂದು ಗುಂಡಿ ಆರಿಸಿದಳು. ಇನ್ನೇನು ಮಾಡಲಿ? ಡಬ್ಬಿಗೆ ಕೈ ಹಾಕಿ ಪಿನ್ನುಗಳನ್ನು ತುಟಿಯ ನಡುವೆ ಇಟ್ಟುಕೊಂಡೆ.

“ಸಾಕು. ಆರಿಸು.”

“ಆಯ್ತು,” ಎಂದು ಅಕ್ಕ ಎದ್ದು ರೇಡಿಯೋ ಆರಿಸಿದಳು. ಆಮೇಲೆ ನನ್ನ ಕಡೆ ತಿರುಗಿ, “ನೋಡಿದ್ಯಾ, ಹೀಗೆ ಹೇಳ್ಬೇಕು. ಸ್ವಲ್ಪ ಅವರನ್ನ ನೋಡಿ ಕಲಿ,” ಎಂದಳು.